ಉದ್ಯೋಗಪರ್ವದ ಧರ್ಮ

ಶರದೃತು ಮುಗಿದು ಹೇಮಂತದ ಚಳಿ ಕಾಲಿಡುತ್ತಿದ್ದ ಕಾರ್ತಿಕಮಾಸದಲ್ಲಿ, ರೇವತೀ ನಕ್ಷತ್ರದಂದು, ಶ್ರೀಕೃಷ್ಣಪರಮಾತ್ಮನು ಉಪಪ್ಲಾವ್ಯದಿಂದ ಹಸ್ತಿನಾವತಿಗೆ ಹೊರಟನೆಂದು ಮಹಾಭಾರತದ ಉದ್ಯೋಗಪರ್ವವು ಹೇಳುತ್ತದೆ. ಕಾರ್ತಿಕದಲ್ಲಿ ನಾವು ದೀಪೋತ್ಸವವನ್ನು ಮಾಡುತ್ತೇವೆ, ದಾಮೋದರನನ್ನು ಅರ್ಚಿಸುತ್ತೇವೆ, ಧಾತ್ರೀಹವನವನ್ನು ಆಚರಿಸುತ್ತೇವೆ, ಉತ್ಥಾನದ್ವಾದಶಿಯಂದು ತುಳಸೀಪೂಜೆಯನ್ನು ನೆರವೇರಿಸುತ್ತೇವೆ. ಆದರೆ ಇದೇ ಮಾಸದಲ್ಲಿ ಭಗವಂತನು ಒಂದು ಯುದ್ಧವನ್ನು ತಡೆಯುವುದಕ್ಕಾಗಿ ದೂತನಾಗಿ ಹೊರಟನೆಂಬುದನ್ನು ಸ್ಮರಿಸುವವರು ವಿರಳ. ಉತ್ಸವಗಳ ನಡುವೆ ಆ ಪ್ರಸಂಗವನ್ನೂ ಅನುಸಂಧಾನ ಮಾಡುವುದು ಉಚಿತವೆಂದು ತೋರಿದ್ದರಿಂದ ಈ ಕೆಲವು ಮಾತುಗಳನ್ನು ವಾಚಕರ ಮುಂದಿಡಲಾಗಿದೆ.

ಶ್ರೀಹರಿಯು ಸರ್ವಜ್ಞನೆಂಬುದು ನಮ್ಮ ಸಿದ್ಧಾಂತದ ಅಡಿಗಲ್ಲು. ದುರ್ಯೋಧನನು ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡಲಾರನೆಂಬುದು ಅವನಿಗೆ ತಿಳಿಯದ ವಿಷಯವೇ? ತಿಳಿದಿದ್ದ ಮೇಲೆ ಆಗದ ಕಾರ್ಯಕ್ಕಾಗಿ ಏಕೆ ಪ್ರಯಾಣ ಮಾಡಿದನು? ಈ ಪ್ರಶ್ನೆಯನ್ನು ಅಂದು ರಾತ್ರಿಯೇ ವಿದುರನು ಕೇಳಿದ್ದನು. ಕಿವುಡನ ಮುಂದೆ ಕಿನ್ನರಿ ನುಡಿಸಿದಂತಾಗುವ ಈ ಕೆಲಸಕ್ಕೆ ಸ್ವಾಮಿಯು ಬರಬಾರದಾಗಿತ್ತೆಂಬುದು ಆ ಭಕ್ತನ ಅಳಲು. ಶ್ರೀಕೃಷ್ಣನು ಅದಕ್ಕೆ ಕೊಟ್ಟ ಉತ್ತರದ ಭಾವವಿಷ್ಟು: ಮನುಷ್ಯನು ಧರ್ಮಕಾರ್ಯವೊಂದನ್ನು ತನ್ನ ಶಕ್ತಿಯಿದ್ದಷ್ಟೂ ಪ್ರಯತ್ನಿಸಿ ಸಾಧಿಸಲಾರದೆ ಹೋದರೂ ಅದರ ಪುಣ್ಯವು ಅವನಿಗೆ ಸಲ್ಲುತ್ತದೆ. ಕೆಟ್ಟ ದಾರಿಗೆ ಹೊರಟ ಮಿತ್ರನನ್ನು ಜುಟ್ಟು ಹಿಡಿದೆಳೆದಾದರೂ ನಿಲ್ಲಿಸಲೆತ್ನಿಸಿದವನು ನಿಂದೆಗೆ ಗುರಿಯಾಗುವುದಿಲ್ಲ. ತಡೆಯುವ ಶಕ್ತಿಯಿದ್ದೂ ಕೃಷ್ಣನು ಸುಮ್ಮನಿದ್ದನೆಂದು ನಾಳೆ ಯಾರೂ ಆಡಿಕೊಳ್ಳಬಾರದು.

ಈ ಉತ್ತರದಲ್ಲಿ ಗೃಹಸ್ಥರಾದ ನಮ್ಮೆಲ್ಲರಿಗೂ ಸಲ್ಲುವ ಒಂದು ಧರ್ಮವು ಅಡಗಿದೆ. ಒಂದು ದೇಶವು ತನ್ನ ಸೈನ್ಯವನ್ನು ಪರದೇಶಕ್ಕೆ ಕಳುಹಿಸಲು ಸಿದ್ಧವಾದಾಗ, ಅದು ದೊಡ್ಡ ಯುದ್ಧವಾಗಿ ಬೆಳೆಯುವ ಮುನ್ನವೇ ಬೇಡವೆಂದು ಹೇಳುವುದು ಪ್ರಜೆಯ ಕರ್ತವ್ಯವೇ? ಹೇಳಿದರೆ ಕೇಳುವವರಾರು? ಕೇಳದಿದ್ದ ಮೇಲೆ ಹೇಳಿ ಫಲವೇನು? ದೂರದ ರಾಜಧಾನಿಗಳಲ್ಲಿ ನಡೆಯುವ ವಿಚಾರಕ್ಕೂ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸಂಧ್ಯಾವಂದನೆ, ದೇವಪೂಜೆಗಳನ್ನು ಮಾಡಿಕೊಂಡಿರುವ ಕುಟುಂಬಗಳಿಗೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧವು ನಾವೆಣಿಸಿದ್ದಕ್ಕಿಂತ ಹತ್ತಿರದ್ದೆಂಬುದನ್ನು ಮುಂದೆ ನೋಡೋಣ.

ಮೊದಲು ಕಾಲದ ವಿಚಾರ. ಯುದ್ಧವನ್ನು ವಿರೋಧಿಸುವ ಮಾತಿಗೆ ಒಂದು ಕಾಲವಿದೆ; ಅದು ಮೀರಿದರೆ ಮಾತಿನ ಬಲವು ಕುಗ್ಗುತ್ತದೆ. ಭೀಷ್ಮ, ದ್ರೋಣರು ಕೌರವಸಭೆಯಲ್ಲಿ ಸಂಧಿಯ ಪರವಾಗಿಯೇ ಮಾತನಾಡಿದರು. ಆದರೆ ಸಂಧಿಯು ಮುರಿದ ಮೇಲೆ ಆ ಇಬ್ಬರೂ ಯಾವ ಪಕ್ಷವು ತಪ್ಪೆಂದು ತಿಳಿದಿದ್ದರೋ ಆ ಪಕ್ಷಕ್ಕೇ ಸೇನಾಪತಿಗಳಾದರು. ರಣಭೇರಿ ಬಾರಿಸಿದ ಮೇಲೆ ಉಪ್ಪಿನ ಋಣ, ಕೊಟ್ಟ ಮಾತು, ವೀರನೆಂಬ ಕೀರ್ತಿ, ಬಿದ್ದವರ ಮೇಲಿನ ಕನಿಕರ, ಇವೆಲ್ಲವೂ ಸೇರಿ ಮನುಷ್ಯನನ್ನು ಕಟ್ಟಿಹಾಕುತ್ತವೆ. ಮೊದಲ ಯೋಧನ ಶವವು ಮನೆಗೆ ಬಂದ ಮೇಲೆ, ಇಷ್ಟು ಜನ ಸತ್ತದ್ದು ವ್ಯರ್ಥವಾಗಬಾರದೆಂಬ ಮಾತೇ ಇನ್ನಷ್ಟು ಜನರ ಸಾವಿಗೆ ಕಾರಣವಾಗುತ್ತದೆ.

ಭಗವದ್ಗೀತೆಯನ್ನು ಪಾರಾಯಣ ಮಾಡುವ ನಾವು ಯುದ್ಧಬೇಡವೆನ್ನುವುದು ಹೇಗೆ ಸಂಗತವೆಂದು ಯಾರಾದರೂ ಆಕ್ಷೇಪಿಸಬಹುದು. ಸಮಾಧಾನವು ಪರ್ವಗಳ ಕ್ರಮದಲ್ಲಿಯೇ ಇದೆ. ಗೀತೋಪದೇಶವು ಬರುವುದು ಭೀಷ್ಮಪರ್ವದಲ್ಲಿ. ಸಂಧಿಪ್ರಯತ್ನವು ಅದಕ್ಕೆ ಹಿಂದಿನ ಉದ್ಯೋಗಪರ್ವದಲ್ಲಿ. ಎರಡು ಸೇನೆಗಳ ನಡುವೆ ನಿಂತು ಅರ್ಜುನನು ಬಿಲ್ಲನ್ನು ಕೆಳಗಿಟ್ಟಾಗ ಯುದ್ಧಮಾಡೆಂದು ಹೇಳಿದ ಬಾಯಿಯೇ, ಸೇನೆಗಳು ಎದುರುಬದುರಾಗುವ ಮುನ್ನ, ಐದು ಗ್ರಾಮಗಳನ್ನಾದರೂ ಕೊಟ್ಟು ಶಾಂತಿಯಿಂದಿರಬಹುದೆಂದು ಹೇಳಿಸಿತ್ತು. ಮೊದಲನೆಯದನ್ನು ನೆನೆದು ಎರಡನೆಯದನ್ನು ಮರೆಯುವವರು ಅರ್ಧ ಭಾರತವನ್ನು ಓದಿದಂತಾಯಿತು.

ಇನ್ನೊಂದು ಆಕ್ಷೇಪವೆಂದರೆ, ಶಾಂತಿಯ ಮಾತು ಹೇಡಿಗಳದೆಂಬುದು. ಇದಕ್ಕೆ ಉತ್ತರವು ಶ್ರೀವಾಯುದೇವರ ಅವತಾರನಾದ ಭೀಮಸೇನದೇವರಿಂದಲೇ ದೊರೆಯುತ್ತದೆ. ಶ್ರೀಕೃಷ್ಣನು ಹೊರಡುವ ಮುನ್ನ ಭೀಮಸೇನನು, ದುರ್ಯೋಧನನೊಡನೆ ಮೃದುವಾಗಿಯೇ ಮಾತಾಡಬೇಕು, ಕುಲವು ನಾಶವಾಗದಂತೆ ನೋಡಿಕೊಳ್ಳಬೇಕು ಎಂದು ಕೇಳಿಕೊಂಡನು. ಪರ್ವತವು ಹಗುರವಾಯಿತೇ, ಬೆಂಕಿಯು ತಣ್ಣಗಾಯಿತೇ ಎಂಬಂತೆ ಶ್ರೀಕೃಷ್ಣನು ಅವನನ್ನು ಕೆಣಕಿದನು. ಇದು ಭಯದಿಂದ ಬಂದ ಮಾತಲ್ಲ, ಭರತವಂಶದವರು ಅಳಿಯಬಾರದೆಂಬ ಕರುಣೆಯಿಂದ ಬಂದದ್ದು ಎಂದು ಭೀಮನು ಉತ್ತರಿಸಿದನು. ಮೂರು ಲೋಕದಲ್ಲಿಯೂ ಸಾಟಿಯಿಲ್ಲದ ಬಲವುಳ್ಳವನು ಸಂಧಿಯನ್ನು ಬಯಸಿದ ಮೇಲೆ, ಅದನ್ನು ಬಯಸುವವರನ್ನು ಹೇಡಿಗಳೆನ್ನಲು ಯಾರಿಗೆ ಅಧಿಕಾರವಿದೆ?

ಈಗ ನಮ್ಮ ಸೀಮೆಯ ಕಥೆಗೆ ಬರೋಣ. ಶ್ರೀಪಾದರಾಜರ ಸನ್ನಿಧಾನದಿಂದ ಪುನೀತವಾದ ಮುಳಬಾಗಿಲಿನ ಸುತ್ತಲಿನ ಬಂಡೆಗಲ್ಲುಗಳ ನಡುವೆ 1768ರ ಅಕ್ಟೋಬರ್ 4ರಂದು ಒಂದು ಘೋರಯುದ್ಧವು ನಡೆಯಿತು. ಒಂದು ಕಡೆ ಹೈದರಾಲಿಯ ಸೈನ್ಯ. ಇನ್ನೊಂದು ಕಡೆ ಮದರಾಸಿನಿಂದ ಬಂದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ಆ ಸೈನ್ಯವು ಮುಳಬಾಗಿಲಿಗೆ ಬಂದ ಬಗೆಯನ್ನು ತಿಳಿದರೆ ನಮ್ಮ ವಿಷಯವು ಸ್ಪಷ್ಟವಾಗುತ್ತದೆ. 1766ರಲ್ಲಿ ಕಂಪನಿಯವರು ಹೈದರಾಬಾದಿನ ನಿಜಾಮನೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡರು. ಸಮುದ್ರತೀರದ ಉತ್ತರ ಸರ್ಕಾರುಗಳು ತಮಗೆ ದೊರೆಯಬೇಕು, ಅದಕ್ಕೆ ಬದಲಾಗಿ ನಿಜಾಮನಿಗೆ ಬೇಕಾದಾಗ ಸೈನ್ಯದ ನೆರವು ಕೊಡಬೇಕು ಎಂಬುದು ಅದರ ಸಾರ. ಮರುವರ್ಷ ನಿಜಾಮನು ಮೈಸೂರಿನ ಮೇಲೆ ಹೊರಟಾಗ ಕಂಪನಿಯ ಸೈನ್ಯವೂ ಜೊತೆಗೂಡಿತು. ಸ್ವಲ್ಪ ಕಾಲದಲ್ಲಿಯೇ ನಿಜಾಮನು ಹೈದರನ ಪಕ್ಷವನ್ನು ಸೇರಿದನು. ಯಾರ ನೆರವಿಗೆಂದು ಹೊರಟರೋ ಅವನೇ ಎದುರಾಳಿಯಾದನು. ಆದರೆ ಹೊರಟ ಯುದ್ಧವು ಮಾತ್ರ ನಿಲ್ಲಲಿಲ್ಲ.

1768ರಲ್ಲಿ ಕಂಪನಿಯವರು ಮುಳಬಾಗಿಲು, ಕೋಲಾರಗಳನ್ನು ಹಿಡಿದರು. ಕೋಲಾರವು ಹೈದರನ ಪಾಲಿಗೆ ತಂದೆಯ ಸಮಾಧಿಯಿರುವ ಊರು. ಸಮೀಪದ ಬೂದಿಕೋಟೆಯು ಅವನು ಹುಟ್ಟಿದ ಊರು. ಯುದ್ಧದ ನಡುವೆ ಹೈದರನು ಬಾರಾಮಹಲ್ ಸೀಮೆಯನ್ನೂ 10 ಲಕ್ಷ ರೂಪಾಯಿಗಳನ್ನೂ ಕೊಟ್ಟು ಸಂಧಿ ಮಾಡಿಕೊಳ್ಳಲು ಮುಂದೆ ಬಂದನು. ಗೆಲವಿನ ಗುಂಗಿನಲ್ಲಿದ್ದ ಮದರಾಸಿನವರು ಅದಕ್ಕಿಂತ ಬಹಳ ಹೆಚ್ಚನ್ನು ಕೇಳಿದರು, ಸಂಧಿಯು ಮುರಿಯಿತು. ಮುಳಬಾಗಿಲಿನ ಕೋಟೆಯನ್ನು ಹೈದರನ ಕಡೆಯವರು ಉಪಾಯದಿಂದ ಮರಳಿ ಪಡೆದಾಗ ಕರ್ನಲ್ ವುಡ್ ಎಂಬ ದಂಡನಾಯಕನು ಅದನ್ನು ಬಿಡಿಸಿಕೊಳ್ಳಲು ಬಂದು, ಬಂಡೆಗಳ ನಡುವೆ ಸಿಕ್ಕಿಬಿದ್ದನು. ಬ್ರೂಕ್ ಎಂಬ ಕಿರಿಯ ಅಧಿಕಾರಿಯು ಗುಡ್ಡದ ಮೇಲೆ ಫಿರಂಗಿಗಳನ್ನು ಎಳೆಸಿ, ಹಿರಿಯ ದಂಡನಾಯಕನಾದ ಸ್ಮಿತ್‌ನೇ ಬಂದನೆಂದು ಕೂಗಿಸಿದನು. ಆ ಹುಸಿಗೂಗಿನಿಂದ ಇಂಗ್ಲಿಷರು ಅಂದು ಉಳಿದುಕೊಂಡರು. ಆರು ತಿಂಗಳೊಳಗೆ ಹೈದರನು ಮದರಾಸಿನ ಬಾಗಿಲಿಗೆ ಬಂದು ನಿಂತನು. 1769ರ ಏಪ್ರಿಲ್ ತಿಂಗಳ ಒಪ್ಪಂದದಲ್ಲಿ ಎರಡು ಪಕ್ಷದವರೂ ಹಿಡಿದ ಸ್ಥಳಗಳನ್ನು ಪರಸ್ಪರ ಹಿಂದಕ್ಕೆ ಕೊಡುವುದೆಂದು ತೀರ್ಮಾನವಾಯಿತು. ಎರಡು ವರ್ಷಗಳ ರಕ್ತಪಾತದ ಕೊನೆಗೆ ಗಡಿಯು ಬಹುಮಟ್ಟಿಗೆ ಮೊದಲಿದ್ದಲ್ಲಿಗೇ ಬಂದಿತು. ಒಬ್ಬರ ಮೇಲೆ ಪರರು ದಂಡೆತ್ತಿ ಬಂದರೆ ಇನ್ನೊಬ್ಬರು ನೆರವಾಗಬೇಕೆಂಬ ಮಾತೂ ಆ ಒಪ್ಪಂದದಲ್ಲಿತ್ತು. ಮರಾಠರು ಮೈಸೂರಿನ ಮೇಲೆ ಬಂದಾಗ ಕಂಪನಿಯು ಅದನ್ನು ನಡೆಸಲಿಲ್ಲ. ಆ ವಚನಭಂಗದ ಕಹಿಯು 1780ರಲ್ಲಿ ಎರಡನೆಯ ಯುದ್ಧವನ್ನು ತಂದಿತು.

ಈ ಕಥೆಯಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಅಂದು ಪರದೇಶವೆನ್ನಿಸಿಕೊಂಡದ್ದು ನಮ್ಮ ಊರೇ. ಮದರಾಸಿನ ಸಭೆಯಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ ಸ್ಥಳದಲ್ಲಿ ಹೊಲಗಳಿದ್ದವು, ಕೆರೆಗಳಿದ್ದವು, ಗುಡಿಗಳಿದ್ದವು, ಮಕ್ಕಳೊಂದಿಗರಿದ್ದರು. ಪರದೇಶಕ್ಕೆ ಸೈನ್ಯವನ್ನು ಕಳುಹಿಸುವ ಪ್ರತಿಯೊಂದು ನಿರ್ಣಯವೂ ಯಾರದೋ ಒಂದು ಮುಳಬಾಗಿಲಿನ ಮೇಲಿನ ನಿರ್ಣಯವೆಂಬುದು ನಮಗೆ ತಿಳಿದಿರಬೇಕು.

ಎರಡನೆಯ ಪಾಠವು ಋಣದ್ದು. ಮದ್ರದೇಶದ ಶಲ್ಯನು ತನ್ನ ಸೋದರಳಿಯಂದಿರಾದ ಪಾಂಡವರನ್ನು ಸೇರಲೆಂದೇ ಸೈನ್ಯದೊಡನೆ ಹೊರಟವನು. ದಾರಿಯುದ್ದಕ್ಕೂ ದುರ್ಯೋಧನನು ಗುಟ್ಟಾಗಿ ಏರ್ಪಡಿಸಿದ್ದ ಬಿಡಾರಗಳಲ್ಲಿ ಸತ್ಕಾರವನ್ನು ಪಡೆದು, ಅದರ ಹಂಗಿಗೆ ಬಿದ್ದು, ಸಲ್ಲದ ಪಕ್ಷದಲ್ಲಿ ನಿಂತು ಮಡಿದನು. ಅದೇ ಶ್ರೀಕೃಷ್ಣನು ದುರ್ಯೋಧನನ ಭೋಜನವನ್ನು ಒಲ್ಲೆನೆಂದು ವಿದುರನ ಮನೆಯಲ್ಲಿ ಉಂಡದ್ದರಿಂದಲೇ ಮರುದಿನ ಸಭೆಯಲ್ಲಿ ನಿರ್ಭಯವಾಗಿ ಮಾತನಾಡಿದನು. ರಾಜ್ಯಗಳು ಒಬ್ಬರಿಂದೊಬ್ಬರು ಪಡೆಯುವ ಸೀಮೆ, ಶಸ್ತ್ರ, ಸಾಲಗಳು ಬಿಡಾರದ ಊಟದಂತೆಯೇ. 1766ರಲ್ಲಿ ಸರ್ಕಾರುಗಳನ್ನು ಪಡೆದ ಕಂಪನಿಯವರು 1768ರಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಅದರ ಬೆಲೆಯನ್ನು ತೆತ್ತರು. ಯುದ್ಧವನ್ನು ತಡೆಯಬೇಕೆನ್ನುವವರು ಕಣ್ಣಿಡಬೇಕಾದದ್ದು ಇಂತಹ ಒಪ್ಪಂದಗಳು ಏರ್ಪಡುವ ಹೊತ್ತಿನ ಮೇಲೆ.

ಪರರು ನಮ್ಮ ನೆಲಕ್ಕೆ ಬಂದ ಕಥೆ ಇದಾಯಿತು. ನಮ್ಮ ದೇಶವೇ ಪರದೇಶಕ್ಕೆ ಹೋದ ಕಥೆಯೊಂದಿದೆ, ಅದು ಶ್ರೀಲಂಕೆಯದು. ಇದನ್ನು ಹೇಳುವಾಗ ಮೊದಲು ದ್ರೌಪದಿಯನ್ನು ನೆನೆಯಬೇಕು. ಭೀಮಾರ್ಜುನರು ಸಂಧಿಯ ಮಾತನ್ನಾಡಿದಾಗ ಆ ಸಾಧ್ವಿಯು ಬಿಚ್ಚಿದ ಮುಡಿಯನ್ನು ಶ್ರೀಕೃಷ್ಣನ ಮುಂದೆ ಹಿಡಿದು, ಸಂಧಿಯ ಸಮಯದಲ್ಲಿ ಇದು ನೆನಪಿರಲಿ ಎಂದಳು. ನೊಂದವರ ಆ ಕೂಗು ನ್ಯಾಯವಾದದ್ದು. 1983ರ ಜುಲೈ ತಿಂಗಳಿನಲ್ಲಿ ಲಂಕೆಯ ತಮಿಳರ ಮೇಲೆ ನಡೆದ ಹಿಂಸೆಯೂ ಹಾಗೆಯೇ ಕಣ್ಣೀರು ತರಿಸುವಂತಹದು. ಮನೆಮಠಗಳನ್ನು ಕಳೆದುಕೊಂಡ ಸಹಸ್ರಾರು ಜನರು ಕಡಲು ದಾಟಿ ಭಾರತಕ್ಕೆ ಬಂದರು. ಅವರಿಗೆ ನೆರವಾಗಬೇಕೆಂಬ ಆಸೆಯಲ್ಲಿ ದೋಷವಿರಲಿಲ್ಲ. ಶ್ರೀಕೃಷ್ಣನೂ ದ್ರೌಪದಿಯನ್ನು ಸಂತೈಸಿ, ಅನಂತರವೇ ಸಂಧಿಗೆ ಹೊರಟನು. ಸದಾಶಯವು ಯುದ್ಧವಾಗಿ ಮಾರ್ಪಡುವ ಬಗೆಯನ್ನು ಮಾತ್ರ ನಾವು ಗಮನಿಸಬೇಕು.

1987ರ ಜೂನ್ 3ರಂದು ಭಾರತವು ಜಾಫ್ನಾದ ಜನರಿಗಾಗಿ ಆಹಾರಪದಾರ್ಥಗಳನ್ನು ದೋಣಿಗಳಲ್ಲಿ ಕಳುಹಿಸಿತು. ಲಂಕೆಯ ನೌಕಾಪಡೆಯು ಅವನ್ನು ಹಿಂದಕ್ಕೆ ಕಳುಹಿಸಿತು. ಮರುದಿನ ಬೆಂಗಳೂರಿನಿಂದ ಐದು ಸಾಗಾಣಿಕೆ ವಿಮಾನಗಳು, ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಹೋಗಿ, ಜಾಫ್ನಾದ ಮೇಲೆ ಸುಮಾರು 25 ಟನ್ ಪದಾರ್ಥಗಳನ್ನು ಇಳಿಬಿಟ್ಟುವು. ಜುಲೈ 29ರಂದು ಕೊಲಂಬೋದಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರೂ ಅಧ್ಯಕ್ಷ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಶಸ್ತ್ರ ಹಿಡಿದಿದ್ದ ಎಲ್.ಟಿ.ಟಿ.ಇ. ಪಂಗಡವು ಅದಕ್ಕೆ ಸಹಿ ಹಾಕಿದ ಪಕ್ಷವಾಗಿರಲಿಲ್ಲ. ಮರುದಿನವೇ ಭಾರತೀಯ ಶಾಂತಿಪಾಲನಾ ಪಡೆಯು ಲಂಕೆಗೆ ಬಂದಿಳಿಯಿತು. ಕೊಲಂಬೋದಲ್ಲಿ ಗೌರವರಕ್ಷೆಯ ಸಾಲಿನಲ್ಲಿದ್ದ ನಾವಿಕನೊಬ್ಬನು ಭಾರತದ ಪ್ರಧಾನಿಯ ಮೇಲೆ ಬಂದೂಕಿನಿಂದ ಹೊಡೆದದ್ದೂ ಅಂದೇ. ಅಕ್ಟೋಬರ್ ಮೊದಲ ವಾರದಲ್ಲಿ ಸೆರೆಸಿಕ್ಕಿದ ಉಗ್ರರಲ್ಲಿ 12 ಮಂದಿ ವಿಷ ನುಂಗಿ ಸತ್ತರು. ಅಕ್ಟೋಬರ್ 10ರ ವೇಳೆಗೆ ಶಾಂತಿಯನ್ನು ಪಾಲಿಸಲು ಹೋದ ಪಡೆಯು ಯುದ್ಧವನ್ನು ಮಾಡುತ್ತಿದ್ದಿತು. ಆಹಾರದ ಮೂಟೆಯಿಂದ ಮೊದಲಾದದ್ದು ನಾಲ್ಕೇ ತಿಂಗಳಲ್ಲಿ ತೋಪಿನ ಗುಂಡಿಗೆ ಬಂದು ಮುಟ್ಟಿತ್ತು. ಒಂದೊಂದು ಮೆಟ್ಟಿಲೂ ಚಿಕ್ಕದಾಗಿಯೇ ಕಂಡಿತ್ತು. ಮೊದಲ ಮೆಟ್ಟಿಲಿನಲ್ಲಿ ನಿಂತವರಿಗೆ ಕೊನೆಯದು ಕಾಣುವುದಿಲ್ಲ. ಆದುದರಿಂದಲೇ ಮೊದಲಲ್ಲಿ ನಿಲ್ಲಿಸಿ ಕೇಳುವವರು ಬೇಕು. ಒಪ್ಪಂದವನ್ನು ದೇಶವು ಬಹುಮಟ್ಟಿಗೆ ಸಂಭ್ರಮದಿಂದಲೇ ಸ್ವಾಗತಿಸಿತ್ತು.

ಅಕ್ಟೋಬರ್ 11ರ ಮಧ್ಯರಾತ್ರಿಯ ಹೊತ್ತಿಗೆ ಜಾಫ್ನಾ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಪದಾತಿದಳದ 30 ಯೋಧರಲ್ಲಿ 29 ಮಂದಿ ಮಡಿದರು. ಅದೇ ತಿಂಗಳ 21, 22ರಂದು, ನಾವು ಅಭ್ಯಂಜನ ಮಾಡಿ ನರಕಾಸುರನ ವಧೆಯನ್ನು ಸ್ಮರಿಸುತ್ತಿದ್ದ ದೀಪಾವಳಿಯ ದಿನಗಳಲ್ಲಿ, ಜಾಫ್ನಾದ ಆಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ ಅರವತ್ತಕ್ಕೂ ಮಿಕ್ಕಿದ ಜನರು ಗುಂಡಿಗೆ ಬಲಿಯಾದರು. ಉಗ್ರರು ಒಳಗಿನಿಂದ ಗುಂಡು ಹಾರಿಸಿದ್ದರೆಂಬುದು ಸೇನೆಯ ಕಡೆಯವರ ಹೇಳಿಕೆ. ಏನೇ ಇರಲಿ, ಯಾರ ರಕ್ಷಣೆಗಾಗಿ ಹೊರಟರೋ ಆ ಜನರೇ ಸತ್ತರು. ಒಂದು ಡಿವಿಷನ್ನಿನಿಂದ ಮೊದಲಾದ ಪಡೆಯು ನಾಲ್ಕು ಡಿವಿಷನ್ನುಗಳಿಗೆ ಬೆಳೆಯಿತು. 1989ರಲ್ಲಿ ಲಂಕೆಯ ಹೊಸ ಅಧ್ಯಕ್ಷ ಪ್ರೇಮದಾಸರು ಪಡೆಯು ಹಿಂದಿರುಗಬೇಕೆಂದು ಒತ್ತಾಯಿಸಿದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿಯು ಹಡಗು ಹತ್ತುವಷ್ಟರಲ್ಲಿ ಸುಮಾರು 1,200 ಭಾರತೀಯ ಯೋಧರು ಪ್ರಾಣವನ್ನು ತೆತ್ತಿದ್ದರು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಹಂತಕರ ತಂಡದ ಮುಖ್ಯನು ಅದೇ ವರ್ಷದ ಆಗಸ್ಟಿನಲ್ಲಿ ಸುತ್ತುವರಿದು ಸತ್ತದ್ದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಕಡಲಾಚೆಯ ಬೆಂಕಿಯು ನಮ್ಮ ನೆರೆಮನೆಯವರೆಗೂ ಬಂದ ಬಗೆಯಿದು.

ಇಲ್ಲೊಂದು ವಿವೇಕವು ಅಗತ್ಯ. ಆ ಪಡೆಯು 1990ರಲ್ಲಿ ಮದರಾಸಿಗೆ ಮರಳಿದಾಗ ಅಲ್ಲಿನ ಮುಖ್ಯಮಂತ್ರಿಗಳು ಸ್ವಾಗತಿಸಲು ಹೋಗಲಿಲ್ಲ. ಯುದ್ಧವನ್ನು ಒಪ್ಪದವರು ಯೋಧನಿಂದ ಮುಖ ತಿರುಗಿಸುವುದು ಧರ್ಮವಲ್ಲ. ಅವನು ಆಜ್ಞೆಯಂತೆ ಹೋದನು, ಗೆಳೆಯರನ್ನು ಕಳೆದುಕೊಂಡು ಬಂದನು. ಹೋಗಬಾರದೆಂದು ಹೇಳಬೇಕಾದದ್ದು ಕಳುಹಿಸುವವರಿಗೆ. ಹೇಳಬೇಕಾದ ಕಾಲವು ಕಳುಹಿಸುವ ಮುನ್ನಿನದು. ಆಗ ಸುಮ್ಮನಿದ್ದು, ಮರಳಿ ಬಂದವನ ಮೇಲೆ ಕೋಪವನ್ನು ತೋರುವುದು ಸುಲಭದ ದಾರಿ. ಯೋಧನ ಮೇಲೆ ನಿಜವಾದ ಪ್ರೀತಿಯುಳ್ಳವರು, ಅವನ ಪ್ರಾಣವನ್ನು ಯಾವ ಕಾರ್ಯಕ್ಕೆ ಕೇಳಲಾಗುತ್ತಿದೆಯೆಂದು ಮೊದಲೇ ವಿಚಾರಿಸುತ್ತಾರೆ.

ಹಾಗಾದರೆ ಗಡಿಯನ್ನು ದಾಟುವುದು ಎಂದೆಂದಿಗೂ ಅಧರ್ಮವೇ? 1971ರ ನಿದರ್ಶನವನ್ನು ಕಂಡವರು ಹಾಗೆನ್ನಲಾರರು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಪ್ರಧಾನಿ ಇಂದಿರಾ ಗಾಂಧಿಯವರು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಪಶ್ಚಿಮದ ರಾಜಧಾನಿಗಳನ್ನು ಸುತ್ತಿ ಅಲ್ಲಿನ ಸರ್ಕಾರಗಳ ಮನವೊಲಿಸಲೆತ್ನಿಸಿದರು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನನೆಲೆಗಳ ಮೇಲೆ ಎರಗಿದವು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಯಿತು. 1972ರ ಮಾರ್ಚ್ ತಿಂಗಳಲ್ಲಿ ನಮ್ಮ ಸೈನ್ಯವು ಬಾಂಗ್ಲಾದೇಶವನ್ನು ಬಿಟ್ಟು ಹಿಂದಿರುಗಿತು. ಅಲ್ಲಿ ಉದ್ಯೋಗಪರ್ವವು ತಿಂಗಳುಗಟ್ಟಲೆ ನಡೆದಿತ್ತು. ಕಾರ್ಯವೇನೆಂಬುದೂ ಅದರ ಕೊನೆಯೇನೆಂಬುದೂ ಸ್ಪಷ್ಟವಾಗಿತ್ತು. ಆ ಯುದ್ಧದಲ್ಲಿಯೂ ದುಃಖವು ಅಪಾರವೇ. ಆದರೆ ಬೇರೆ ದಾರಿಗಳನ್ನು ಹುಡುಕದೆಯೇ ಅದನ್ನು ಮಾಡಿದರೆಂದು ಹೇಳುವಂತಿಲ್ಲ.

ಈ ದೃಷ್ಟಾಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸೈನ್ಯವು ಹೊರಡುವ ಮುನ್ನ ಪ್ರಜೆಗಳು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಮೂಡುತ್ತವೆ. ಸಾಮ, ದಾನಗಳ ದಾರಿಗಳೆಲ್ಲವೂ ನಿಜವಾಗಿ ಮುಗಿದಿವೆಯೇ, ಅಥವಾ ಮುಗಿದುವೆಂದು ಹೇಳಿ ಬಿಡಲಾಗಿದೆಯೇ? ನಮ್ಮನ್ನು ಕರೆದವರಾರು, ಶಸ್ತ್ರ ಹಿಡಿದವರೆಲ್ಲರೂ ಒಪ್ಪಿರುವರೇ? ಯಾವ ಕಾರ್ಯವಾದರೆ ಸೈನ್ಯವು ಹಿಂದಿರುಗುತ್ತದೆಂಬುದನ್ನು ಮೊದಲೇ ಹೇಳಬಲ್ಲರೇ? ಯಾವ ಹಳೆಯ ಹಂಗು ನಮ್ಮನ್ನು ಶಲ್ಯನಂತೆ ಎಳೆಯುತ್ತಿದೆ? ಇವುಗಳಿಗೆ ಸರಿಯಾದ ಉತ್ತರವು ದೊರೆಯದಿದ್ದಲ್ಲಿ ಬೇಡವೆಂದು ಹೇಳುವುದೇ ಧರ್ಮ. ಅದು ದೇಶದ್ರೋಹವಾಗದು, ಜುಟ್ಟು ಹಿಡಿದೆಳೆಯುವ ಮಿತ್ರನ ಕೆಲಸವದು.

ಹಾಗೆ ಹೇಳಿದ ಮಾತು ಫಲಿಸಿದ ನಿದರ್ಶನವೂ ನಮ್ಮ ದೇಶದಲ್ಲಿದೆ. 2003ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸೇನೆಗಳು ಇರಾಕಿಗೆ ನುಗ್ಗಿದವು. ಏಪ್ರಿಲ್ ತಿಂಗಳಿನಲ್ಲಿ ನಮ್ಮ ಲೋಕಸಭೆಯು ಅದನ್ನು ನಿಂದಿಸುವ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಅನಂತರ ಇರಾಕಿನಲ್ಲಿ ವ್ಯವಸ್ಥೆಯನ್ನು ನೋಡಿಕೊಳ್ಳಲು ಒಂದು ಡಿವಿಷನ್ನಿನಷ್ಟು ಭಾರತೀಯ ಸೈನ್ಯವನ್ನು ಕಳುಹಿಸಬೇಕೆಂದು ಅಮೆರಿಕವು ಕೇಳಿತು. ಹೋಗಬೇಕೆನ್ನುವವರೂ ಇದ್ದರು, ಬೇಡವೆನ್ನುವ ದನಿಯು ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಎದ್ದಿತು. ಜುಲೈ 14ರಂದು ಪ್ರಧಾನಿ ವಾಜಪೇಯಿಯವರ ಸರ್ಕಾರವು, ವಿಶ್ವಸಂಸ್ಥೆಯ ಸ್ಪಷ್ಟವಾದ ಆದೇಶವಿಲ್ಲದೆ ಸೈನ್ಯವನ್ನು ಕಳುಹಿಸಲಾಗದೆಂದು ತೀರ್ಮಾನಿಸಿತು. ಮುಂದಿನ ತಿಂಗಳ 19ರಂದು ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಕಛೇರಿಯೇ ಸ್ಫೋಟಕ್ಕೆ ತುತ್ತಾಯಿತು. ಯಾವ ಭಯಂಕರ ಅಸ್ತ್ರಗಳಿಗಾಗಿ ಯುದ್ಧವೆಂದರೋ ಅಂತಹ ಅಸ್ತ್ರಸಂಗ್ರಹವು ಸಿಗಲಿಲ್ಲ. 2011ರ ಕೊನೆಗೆ ಅಮೆರಿಕದ ಸೈನ್ಯವು ಹಿಂದಿರುಗುವಷ್ಟರಲ್ಲಿ ಅದರ ಸುಮಾರು 4,500 ಯೋಧರು ಸತ್ತಿದ್ದರು. ಸತ್ತ ಇರಾಕಿಗಳು ಅದರ ಎಷ್ಟೋ ಪಟ್ಟು. ನಮ್ಮ ಯೋಧರು ಆ ಬೆಂಕಿಗೆ ಹೋಗದೆ ಉಳಿದರು. ನಡೆಯದೆ ಹೋದ ಯುದ್ಧಕ್ಕೆ ಸ್ಮಾರಕವಿರುವುದಿಲ್ಲ. ಯಾರ ಮಾತಿನಿಂದ ಯಾರ ಮಗನು ಉಳಿದನೆಂದು ಯಾರೂ ಲೆಕ್ಕವಿಡುವುದಿಲ್ಲ. ಉದ್ಯೋಗಪರ್ವದ ಧರ್ಮವನ್ನು ಆಚರಿಸುವವನು ಈ ಅಜ್ಞಾತವಾಸಕ್ಕೆ ಸಿದ್ಧನಾಗಿರಬೇಕು.

ರಾಜರ ಕಾಲದಲ್ಲಿ ಪ್ರಜೆಗಳನ್ನು ಯಾರೂ ಕೇಳುತ್ತಿರಲಿಲ್ಲ. ಪಾಪನಪಲ್ಲಿಯಾಗಿದ್ದ ಊರಿಗೆ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ಹೆಸರಿಟ್ಟ ದಿವಾನ್ ಪೂರ್ಣಯ್ಯನವರು ಎಂತಹ ಸಮರ್ಥರಾಗಿದ್ದರೂ, 1799ರ ಒಪ್ಪಂದದಿಂದ ಬದ್ಧರಾಗಿ, 1803ರಲ್ಲಿ ಇಂಗ್ಲಿಷರು ಮರಾಠರ ಮೇಲೆ ನಡೆಸಿದ ಯುದ್ಧಕ್ಕೆ ಮೈಸೂರಿನ ಕುದುರೆಪಡೆಯನ್ನು ಕಳುಹಿಸಬೇಕಾಯಿತು. 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರಿನ ಅಶ್ವಾರೋಹಿಗಳೂ ಇದ್ದರು. ಅವರ ಶೌರ್ಯವು ಅಳಿಯದ್ದು. ಆದರೆ ಹೋಗಬೇಕೇ ಬೇಡವೇ ಎಂಬುದು ಅವರ ಮನೆಯವರ ಕೈಯಲ್ಲಿರಲಿಲ್ಲ. ಇಂದು ಹಾಗಲ್ಲ. ಪ್ರಜೆಗಳ ಪುಣ್ಯಪಾಪಗಳಲ್ಲಿ ಆರನೆಯ ಒಂದು ಪಾಲು ರಾಜನದೆಂದು ಧರ್ಮಶಾಸ್ತ್ರಗಳು ಹೇಳಿದುವು. ಮತವನ್ನು ಕೊಟ್ಟು ರಾಜನನ್ನು ನಾವೇ ಆರಿಸುವ ಈ ಕಾಲದಲ್ಲಿ, ರಾಜನ ಕಾರ್ಯದಲ್ಲಿ ನಮಗೂ ಪಾಲುಂಟೆಂದು ತಿಳಿಯುವುದು ನ್ಯಾಯ.

ನಮ್ಮ ಮನೆಗಳ ಮಕ್ಕಳು ಈಗ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ನೆಲೆಸಿದ್ದಾರೆ. ಕೆಲವರು ಅಲ್ಲಿನ ಪ್ರಜೆಗಳೂ ಆಗಿದ್ದಾರೆ. ಪರದೇಶಗಳಿಗೆ ಸೇನೆಯನ್ನು ಕಳುಹಿಸುವ ದೇಶಗಳಲ್ಲಿ ಅವರಿಗೆ ಮತವಿದೆ. ರಜೆಗೆ ಬಂದಾಗ ಆಸ್ತಿ, ಮದುವೆಗಳ ಮಾತಿನ ನಡುವೆ ಈ ವಿಚಾರವನ್ನೂ ಹಿರಿಯರು ಎತ್ತಬಹುದು. ಇಲ್ಲಿರುವವರು, ಇಂತಹ ಪ್ರಸಂಗವು ಒದಗಿದಾಗ ತಮ್ಮ ಲೋಕಸಭಾ ಸದಸ್ಯರಿಗೆ ಒಂದು ಕಾಗದವನ್ನು ಬರೆಯಬಹುದು, ಪತ್ರಿಕೆಗೆ ಬರೆಯಬಹುದು, ಕಡೆಯ ಪಕ್ಷ, ಜಗಲಿಯ ಮೇಲೆ ಕುಳಿತು ಯುದ್ಧವನ್ನು ಕ್ರಿಕೆಟ್ ಪಂದ್ಯದಂತೆ ವರ್ಣಿಸುವ ಮಾತಿಗೆ ತಲೆದೂಗದೆ ಇರಬಹುದು. ಒಬ್ಬನ ಕಾಗದದಿಂದ ಏನಾಗುವುದೆಂದು ಮನಸ್ಸು ಹಿಂಜರಿದರೆ, ವಿದುರನಿಗೆ ದೊರೆತ ಉತ್ತರವನ್ನು ನೆನೆಯಬೇಕು. ಫಲವು ಶ್ರೀಹರಿಯ ಅಧೀನ. ಪ್ರಯತ್ನವು ಅವನ ಪ್ರೇರಣೆಯಿಂದ ನಾವು ಸಲ್ಲಿಸಬೇಕಾದ ಸೇವೆ.

ಮುಳಬಾಗಿಲಿನ ಶ್ರೀ ಆಂಜನೇಯಸ್ವಾಮಿಯನ್ನು ಕುರುಕ್ಷೇತ್ರಯುದ್ಧವು ಮುಗಿದ ಮೇಲೆ ಅರ್ಜುನನು ಪ್ರತಿಷ್ಠಿಸಿದನೆಂಬುದು ಪರಂಪರೆಯಿಂದ ಬಂದ ಮಾತು. ಹದಿನೆಂಟು ದಿನ ಅರ್ಜುನನ ರಥದ ಧ್ವಜದಲ್ಲಿದ್ದು ಹದಿನೆಂಟು ಅಕ್ಷೌಹಿಣಿಯ ನಾಶವನ್ನು ಕಂಡವನು ಆ ಸ್ವಾಮಿ. ಅಷ್ಟು ಸೈನ್ಯದಲ್ಲಿ ಬದುಕಿ ಉಳಿದವರನ್ನು ಬೆರಳಮೇಲೆ ಎಣಿಸಬಹುದಾಗಿತ್ತು. ಗೆದ್ದ ಧರ್ಮರಾಜನೇ ಅತ್ತನು. ಮುಳಬಾಗಿಲಿನ ದಾರಿಯಾಗಿ ಹೋಗುವ ಆಸ್ತಿಕರು ಸ್ವಾಮಿಗೆ ಕೈಮುಗಿಯುವಾಗ, ಯುದ್ಧವು ಬೇಡವೆಂದು ಹೇಳಬೇಕಾದ ಹೊತ್ತಿನಲ್ಲಿ ಹೇಳುವ ಧೈರ್ಯವನ್ನೂ ಬೇಡಿಕೊಳ್ಳಲಿ.

ಶ್ರೀಕೃಷ್ಣಾರ್ಪಣಮಸ್ತು.